ಮೀನಿನ ಮನೆಯಲ್ಲಿ ಗಂಡು ನೋಡುವ ಶಾಸ್ತ್ರ

ನಮ್ಮ ಚಿಕ್ಕಪ್ಪ ಇದುವರೆಗೆ ಹನ್ನೊಂದು ಮದುವೆ ಮಾಡಿಸಿದ್ದಾರೆ. ಒಂದರಲ್ಲೂ ಊಟ ಹಾಕಿಸಿಲ್ಲ! ಜಿಪುಣರೆಂದು ತಿಳಿಯಬೇಡಿ. ಗಂಡು, ಹೆಣ್ಣು ಎರಡೂ ಮೀನು. ಅರವತ್ತೆಂಟು ವರ್ಷದ ಬ್ರಹ್ಮಚಾರಿಯನ್ನು ನಂಬಿ ಬೇರೆ ಯಾರು ತಾನೇ ಮದುವೆ ಮಾತುಕತೆಗೆ ಬರುತ್ತಾರೆ?

ಅತ್ತಿಗುಪ್ಪೆಯಲ್ಲಿ ನನ್ನದು ಗಾಜಿನಂಗಡಿ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಕತ್ತರಿಸಿದ ಗಾಜು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಅವತ್ತೇ ಅಂಗಡಿ ಮುಚ್ಚುತ್ತೇನೆ. ಇಂಥ ಕೈಗೆ ಚಿಕ್ಕಪ್ಪ ಕೊಟ್ಟ ಕೆಲಸವೇನು? ಮೀನಿನ ತೊಟ್ಟಿಗೆ ನಡುಗೋಡೆ!

ಅವರ ಫ್ಲವರ್ ಹಾರ್ನ್ ಜಾತಿಯ ಗಂಡು ಮೀನು ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಹೊತ್ತು ಮೆರೆಯುವ ಜಗಳಗಂಟ. ತೊಟ್ಟಿಯೆಲ್ಲ ತನ್ನದೇ ಸೈಟು ಎನ್ನುವಂತೆ, ಕಾಳು ಹಾಕುವ ಕೈಯನ್ನೂ ಕಚ್ಚುತ್ತಾನೆ. ಒಪ್ಪಿಗೆಯಾಗದ ಹೆಣ್ಣನ್ನು ಒಳಗೆ ಬಿಟ್ಟರೆ ಕೊಂದೇಬಿಟ್ಟಾನು. ಅದಕ್ಕೇ ನಡುವೆ ಗಾಜು; ಈಚೆ ಅವನು, ಆಚೆ ಹೊಸ ಹೆಣ್ಣು.

"ಹೆಣ್ಣು ನೋಡೋ ಶಾಸ್ತ್ರ ಅನ್ನಿ, ಚಿಕ್ಕಪ್ಪ."

"ಅಲ್ಲ ಕಣೋ, ಗಂಡು ನೋಡೋ ಶಾಸ್ತ್ರ. ಮನೆ ಅವನದು, ಒಪ್ಪಿಗೆ ಅವಳದು. ಹೆಂಗೆ ಗುಡಿಸ್ತಾ ಇದಾನೆ ನೋಡು!"

ನಿಜ. ತೊಟ್ಟಿಯೊಳಗೆ ಅಡ್ಡ ಮಲಗಿಸಿದ ಹೂಕುಂಡದ ಮುಂದಿನ ಕಲ್ಲುಗಳನ್ನು ಬಾಯಲ್ಲಿ ಕಚ್ಚಿ ಕಚ್ಚಿ ಆಚೆ ಹಾಕುತ್ತಿದ್ದ. ಈ ಸುದ್ದಿ ನನ್ನ ಹೆಂಡತಿಗೆ ತಲುಪದಿರಲಿ ದೇವರೇ!

ಚಿಕ್ಕಪ್ಪ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದರು. ಬೀಗರಿಬ್ಬರ ಪರವಾಗಿಯೂ ನಾನೇ ತಿಂದೆ.

ಎರಡು ವಾರದ ಮೇಲೆ, ಭಾನುವಾರ ಬೆಳಗ್ಗೆ ಫೋನು. "ನೀನು ಹಾಕಿದ ಗಾಜು, ನೀನೇ ಬಂದು ತೆಗಿ."

ಹೋದರೆ ಚಿಕ್ಕಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿ ನಿಂತಿದ್ದಾರೆ! ಗಾಜು ಎತ್ತಿದೆ. ಗಂಡು ರೆಕ್ಕೆಯೆಲ್ಲ ಬಿಚ್ಚಿ ಮೈ ಅದುರಿಸಿದ. ಹೆಣ್ಣು ಕುಂಡದ ಬಾಯಿಯವರೆಗೂ ಬಂದಳು, ನೋಡಿದಳು, ಬೆನ್ನು ತಿರುಗಿಸಿ ಮೂಲೆಯ ಕಲ್ಲಿನ ಹಿಂದೆ ಹೋದಳು.

"ಒಪ್ಪಲಿಲ್ಲ ಬಿಡಿ. ಅಂಗಡಿ ತೆಗೀಬೇಕು, ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

"ಬೆನ್ನು ತಿರುಗಿಸಿದ್ರೆ ಒಪ್ಪಲಿಲ್ಲ ಅಂತ ನಿಂಗೆ ಯಾರೋ ಹೇಳಿದ್ದು?"

ತಮಾಷೆಯ ದನಿಯಲ್ಲ. ನಾನು ಬಾಗಿಲಲ್ಲೇ ನಿಂತೆ.

"ಆಗ ನಂಗೆ ಇಪ್ಪತ್ತಾರು. ಕೆಂಗೇರೀಲಿ ಒಂದು ಹುಡುಗಿ ನೋಡಕ್ಕೆ ಹೋಗಿದ್ದೆ. ಕಾಫಿ ಕೊಟ್ಲು. ನಾನು ಒಂದು ಗುಟುಕು ಕುಡಿದೆ. ನನ್ನ ಮುಖ ನೋಡಿದ್ಲು, ತಿರುಗಿ ಒಳಗೆ ಹೋಗ್ಬಿಟ್ಲು. ನಾನು ಇಷ್ಟ ಆಗ್ಲಿಲ್ಲ ಅಂದ್ಕೊಂಡು ಎದ್ದು ಬಂದ್ಬಿಟ್ಟೆ."

"ಆಮೇಲೆ?"

"ಸಕ್ಕರೆ ತರಕ್ಕೆ ಹೋಗಿದ್ಲಂತೆ ಕಣೋ. ಕಾಫಿ ಕಹಿ ಇತ್ತು, ನಾನು ಮುಖ ಹಿಂಡಿದ್ದೆ. ಡಬ್ಬಿ ಹಿಡ್ಕೊಂಡು ಬಂದ್ರೆ ಕುರ್ಚಿ ಖಾಲಿ. ಅವಮಾನ ಆಯ್ತು ಅಂತ ಅವರಪ್ಪ ಮತ್ತೆ ಹೊಸಿಲು ತುಳಿಯಕ್ಕೂ ಬಿಡ್ಲಿಲ್ಲ."

ಚಪ್ಪಲಿ ಬಿಟ್ಟು ಬಂದು ಅವರ ಪಕ್ಕ ಕೂತೆ.

ಕಲ್ಲಿನ ಹಿಂದೆ ಒಂದು ಬಾಲ ಮೆಲ್ಲಗೆ ಅಲ್ಲಾಡಿತು.

"ಏಳ್ಬೇಡ" ಎಂದರು ಚಿಕ್ಕಪ್ಪ, ನನ್ನ ಕೈ ಹಿಡಿದುಕೊಂಡು. "ಬರ್ತಾಳೆ."