ಮೊಮ್ಮಗಳ ಇಂಗ್ಲಿಷಿಗೆ ನನ್ನ ಹೂಂ

ನನ್ನ ಮೊಮ್ಮಗಳು ಸುಚೇತಾ ಇಂಗ್ಲಿಷ್ ಪ್ರಬಂಧದಲ್ಲಿ ಇಡೀ ತಾಲೂಕಿಗೇ ಮೊದಲು ಬಂದಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನಿಮಗೆ ನನ್ನ ಮೇಲೆ ಗೌರವ ಉಳಿಯುವ ಭರವಸೆಯಿಲ್ಲ. ಖುಷಿಯಿಂದ ಎದೆ ಉಕ್ಕುತ್ತಿದೆ, ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ಆಮೇಲಿನ ಓದೆಲ್ಲ ಹೊನ್ನಾವರದ ಸಂತೆಯಲ್ಲಿ ಬಸಳೆ ಸೊಪ್ಪು ಮಾರುತ್ತ ಆದದ್ದು. ಆದರೆ ಕತೆ ಕೇಳುವುದರಲ್ಲಿ ಪಳಗಿದವಳು. ನಮ್ಮಲ್ಲಿ ಒಬ್ಬರು ಕತೆ ಹೇಳಿದರೆ ಎದುರು ಕೂತವರು ಹೂಂಗುಟ್ಟಬೇಕು. ಹೂಂ ನಿಂತರೆ ಕೇಳುವವರಿಗೆ ನಿದ್ದೆ ಬಂತೆಂದು ಕತೆಯೂ ನಿಲ್ಲುತ್ತದೆ. ಸುಚೇತಾ ತನ್ನ ಪ್ರಬಂಧವನ್ನು ನನ್ನೆದುರು ಓದಿದಾಗಲೂ ಹಾಗೇ ಮಾಡಿದೆ. ಒಂದಕ್ಷರ ತಿಳಿಯಲಿಲ್ಲ. ತಿಳಿಯದ್ದು ಅವಳಿಗೆ ಗೊತ್ತಾಗಬಾರದೆಂದು ಮಾಮೂಲಿಗಿಂತ ಹೆಚ್ಚೇ ಹೂಂ ಎಂದೆ. ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದ ಹುಡುಗಿ ನನ್ನ ಹೂಂ ಬಿದ್ದಲ್ಲೆಲ್ಲ ಒಂದೊಂದು ಇಟ್ಟಳು. "ನಿಲ್ಸೂ ಜಾಗ ನೀನೇ ಹೇಳ್ದೆ ಅಜ್ಜಿ" ಎಂದಾಗ ನಾನು ಬೀಗಿದ್ದೇ ಬೀಗಿದ್ದು.

ಮರುವಾರ ಅವಳ ಟೀಚರು ಸಂತೆಗೆ ಬಂದು, ಬಸಳೆಯ ಕಟ್ಟು ಎತ್ತಿಕೊಂಡು, "ಅಜ್ಜಿ, ನಿಮ್ಮ ಮೊಮ್ಮಗಳು ಹೀಂಗೇ ಬರೆದ್ರೆ ಸ್ಪರ್ಧೆಗೆ ಕಳ್ಸೂದು ಕಷ್ಟ" ಎಂದರು. ಅಲ್ಪವಿರಾಮ ಉಸಿರಿಗಲ್ಲವಂತೆ, ಅರ್ಥಕ್ಕಂತೆ. ಬಸಳೆ, ಹರಿವೆ, ಮೊಗೆಕಾಯಿ ಎಂದು ಸಾಲಾಗಿ ಹೇಳುವಾಗ ನಡುನಡುವೆ ಬೇಕಂತೆ. "ಮಳೆ ಬಂದರೆ" ಎಂದು ಶುರು ಮಾಡಿದರೆ ಅದರ ಬೆನ್ನಿಗೊಂದು ಬೇಕಂತೆ. ಆದರೆ "ನನ್ನ ಅಜ್ಜಿ" ಎಂದು ಬರೆದು, ಅಲ್ಲೊಂದು ಇಟ್ಟು, ಆಮೇಲೆ "ತರಕಾರಿ ಮಾರುತ್ತಾಳೆ" ಎಂದರೆ ಅಜ್ಜಿಯನ್ನೂ ಅವಳ ಕೆಲಸವನ್ನೂ ಬೇರೆ ಬೇರೆ ಕೂರಿಸಿದಂತೆ. ಪಕ್ಕದಲ್ಲಿ ತೆಂಗಿನಕಾಯಿ ಮಾರುವ ಮಾದೇವಿ ಎಲ್ಲ ಕೇಳಿಸಿಕೊಂಡು, "ಎಂತ ಅಕ್ಕ, ಈಗ ಇಂಗ್ಲಿಷೂ ಮಾರ್ತ್ಯಾ?" ಎಂದಳು. ಟೀಚರಿಗೆ ಒಂದು ಕಟ್ಟು ಹೆಚ್ಚಿಗೆ ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ. ಅದು ಇನ್ನೊಂದು ನಾಚಿಕೆ.

ಸುಚೇತಾ ಎಲ್ಲ ತಿದ್ದಿ ಬರೆದಳು. ಸ್ಪರ್ಧೆಯಲ್ಲಿ ಬರೆದದ್ದನ್ನು ವೇದಿಕೆಯ ಮೇಲೆ ಓದಬೇಕಿತ್ತು. ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟು ಮುಂದಿನ ಸಾಲಿನಲ್ಲೇ ಕೂತೆ. ಮೊದಲ ಅಲ್ಪವಿರಾಮಕ್ಕೆ ಅವಳು ಚೂರು ನಿಂತಳು. ಯಾರೂ ಹೂಂ ಎನ್ನಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗಾದರೂ ಮರ್ಯಾದೆ ಬೇಡವೇ ಎಂದುಕೊಳ್ಳುವಷ್ಟರಲ್ಲಿ ನನ್ನ ಬಾಯಿಂದಲೇ ಹೂಂ ಹೊರಟಿತು, ಸಂತೆಯಲ್ಲಿ ಕೂಗಿ ಕೂಗಿ ಬೆಳೆದ ಗಂಟಲಿನಿಂದ. ಸಭೆಯೆಲ್ಲ ನಕ್ಕಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವಳು ನಗು ಇಳಿಯುವವರೆಗೆ ಕಾದು, ಮೊದಲಿನಿಂದ ಓದಿದಳು. ಬಹುಮಾನ ಹೇಳುವವರೆಗೂ ನಾನು ಸೆರಗು ತೆಗೆಯಲಿಲ್ಲ.

ಆ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಬಂಗಡೆ ಮೀನು ಹುರಿದಿದ್ದಳು. ಮಗ, "ಅಮ್ಮ, ಇನ್ನು ಕಾರವಾರದ ಜಿಲ್ಲಾ ಸ್ಪರ್ಧೆಗೆ…" ಎಂದು ಶುರು ಮಾಡಿ, ಅನ್ನ ಕಲಸತೊಡಗಿದ.

"ನಾ ಬರೂದಿಲ್ಲ, ನೀವೇ ಹೋಗ್ಬನ್ನಿ" ಎಂದೆ. ಯಾರಾದರೂ ಒಮ್ಮೆ ಒತ್ತಾಯ ಮಾಡಲಿ ಎಂದು ಕಾದೆ.

"ಆತು" ಎಂದ ಮಗ.

ಸುಚೇತಾ ತನ್ನ ಬಟ್ಟಲಿನ ದೊಡ್ಡ ಬಂಗಡೆಯನ್ನು ಎತ್ತಿ ನನಗೆ ಹಾಕಿದಳು. ನಾನು ಬೇಡವೆನ್ನಲಿಲ್ಲ.