ಸತ್ಯವಂತನ ಪಾದೋಪಚಾರ

ಸತ್ಯವಂತನ ಸಂಕಟಕ್ಕೆಲ್ಲ ಅವನ ಪಾದಗಳೇ ಮೂಲ. ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಕಾಲು ವಿಪರೀತ ಬೆವರುತ್ತಿತ್ತು. ಬೂಟು ಕಳಚಿದರೆ ಸತ್ತ ಇಲಿಯೂ ಎದ್ದು ಓಡೀತು ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಲವತ್ತಾರರ ಈ ಒಂಟಿಯನ್ನು ಮನೆಗೆ ಕರೆದವರೇ ಇರಲಿಲ್ಲ.

ಹಾಗಿರುವಾಗ ಕಚೇರಿಗೆ ಹೊಸದಾಗಿ ಬಂದ ಫ್ಲೋರೆನ್ಸ್, "ಐತವಾರ ಸಂಜೀಕ ನಮ್ಮ ಮನೀಗೆ ಚಾಕ್ಕ ಬರ್ರಿ" ಎಂದಳು.

ಭಾನುವಾರ ಮಧ್ಯಾಹ್ನ ಅವನು ಔಷಧಿ ಅಂಗಡಿಯಿಂದ ಸೈಪ್ರೆಸ್ ಮರದ ಎಣ್ಣೆಯ ಪುಟ್ಟ ಬಾಟಲಿ ತಂದ. ಬೆವರು ತಗ್ಗುತ್ತದೆ, ಕಾಡಿನ ಪರಿಮಳ ಬರುತ್ತದೆ, ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಬೆರೆಸಿ ಹಚ್ಚಿ ಎಂದು ಚೀಟಿಯಲ್ಲಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ರಾಜೇಶ್ವರಿ ಇಣುಕಿದಳು.

"ಎರಡು ಹನಿ ಎಲ್ಲಿ ಸಾಕಾಗ್ತಾವ್ರಿ ಅಣ್ಣಾರ? ನಿಮ್ಮ ಕಾಲಿಗೆ ಇಡೀ ಬಾಟ್ಲಿ ಬೇಕು."

ಮೇಲಿನ ಮನೆಯ ಶಂಭುಲಿಂಗ ಇಳಿದು ಬಂದ. "ಕೊಬ್ರಿ ಎಣ್ಣಿ ಕೂಡಿಸಿದ್ರ ಅದರ ಜೋರು ಹೋಗ್ತೈತ್ರಿ. ಹಂಗ ಹಚ್ಚಿ ಬೂಟು ಬಿಗೀರಿ."

ತನ್ನ ಬಾಗಿಲಿಗೆ ಒಟ್ಟಿಗೆ ಇಬ್ಬರು ಬಂದದ್ದೇ ಸತ್ಯವಂತನಿಗೆ ಹಬ್ಬ. ಅವರ ಮಾತು ಮೀರಲಾರದೆ ಬಾಟಲಿ ಪೂರ್ತಿ ಸುರಿದುಕೊಂಡ.

ಬಸ್ಸು ಹತ್ತುವಾಗ ಕಾಲು ಬೆಚ್ಚಗಾಯಿತು. ಇಳಿಯುವಾಗ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯಿತು. ಕಾದ ಹಂಚಿನ ಮೇಲಿನ ಬೆಕ್ಕಿನಂತೆ ಕುಪ್ಪಳಿಸುತ್ತ ಫ್ಲೋರೆನ್ಸಳ ಮನೆ ಮುಟ್ಟಿ ಬೂಟು ಕಳಚಿದ. ಪಡಸಾಲೆಯೆಲ್ಲ ಕಾಡಿನ ಘಾಟು. ಅವಳು ಮೂಗು ಮುಚ್ಚದೆ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕುಳಿತಳು.

"ವಾಸನಿ ಜಾಸ್ತಿ ಆತೇನ್ರಿ?" ಎಂದು ತಾನೇ ಕೇಳಿದ.

"ನನಗ ಯಾವ ವಾಸನೀನೂ ತಿಳಿಯಂಗಿಲ್ರಿ. ಮೂರು ವರ್ಷದ ಹಿಂದ ಜ್ವರ ಬಂದಾಗ ಮೂಗು ಹೋತು. ಹಳಸಿದ್ದೂ ಈಕಿಗೆ ಗೊತ್ತಾಗಂಗಿಲ್ಲ ಅಂತ ನಮ್ಮ ಮನ್ಯಾಗ ಯಾರೂ ಒಂದು ತುತ್ತು ತಿನ್ನಂಗಿಲ್ಲ. ನಿಮ್ಮ ಬಾಜೂಕನೂ ಯಾರೂ ಕುಂದ್ರಂಗಿಲ್ಲಲ್ರಿ, ಅದಕ್ಕ ಕರದೆ."

ಅವಳು ಶಿರಾ ತಂದಿಟ್ಟಳು. ಒಂದು ಚಮಚ ಬಾಯಿಗಿಡುವಷ್ಟರಲ್ಲಿ ಪಾದದ ಉರಿ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಕಾಲಿನ ಮಾತನ್ನು ಅವಳೆದುರು ಹೇಗೆ ಆಡುವುದು? "ಅರ್ಜೆಂಟ್ ಕೆಲಸ ಐತ್ರಿ" ಎಂದವನೇ ಬೂಟು ಕೈಯಲ್ಲಿ ಹಿಡಿದು ಓಡಿದ. ಬೀದಿಯ ನಲ್ಲಿ ತಿರುಗಿಸಿ ಅದರಡಿ ಪಾದ ಇಟ್ಟು ಬಗ್ಗಿ ತಿಕ್ಕತೊಡಗಿದ.

ಫ್ಲೋರೆನ್ಸ್ ಬಾಗಿಲಿಗೆ ಬಂದಳು. ಅವಳಿಗೆ ಕಂಡದ್ದು ಬಾಯಿ ತೊಳೆಯುವವನಂತೆ ನಲ್ಲಿಯತ್ತ ಬಾಗಿದ ಅವನ ಬೆನ್ನು ಮಾತ್ರ.

"ಶಿರಾ ಅಷ್ಟು ಕೆಟ್ಟಿತ್ತೇನ್ರಿ?" ಎಂದಳು ಮೆಲ್ಲಗೆ.

ಅವನು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

"ಭಾಳ ಛಲೋ ಇತ್ರಿ" ಎಂದು ಸತ್ಯವಂತ ಮುಚ್ಚಿದ ಬಾಗಿಲಿಗೆ ಹೇಳಿದ.