ಹಿಂದಿನಿಂದ ಎರಡನೆಯವನು

ಸೋಲುವುದನ್ನೇ ಕಸುಬು ಮಾಡಿಕೊಂಡವನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಐದು ವರ್ಷ ಜನವರಿ ಬಂತೆಂದರೆ ಅವನಿಗೆ ದೋಸೆಯನ್ನೂ ಹುಯ್ದಿದ್ದೇನೆ! 2012ರಿಂದ ಪ್ರತಿ ವರ್ಷ ಅಡಿಲೇಡಿನ ಸೈಕಲ್ ಪಂದ್ಯಕ್ಕೆ ಡೆನ್ಮಾರ್ಕಿನಿಂದ ಬರುತ್ತಿದ್ದ ಈ ವೃತ್ತಿಪರ ಸವಾರ, ಬಿಸಿಲಿಗೆ ಮೈ ಒಗ್ಗಲಿ ಎಂದು ಎರಡು ವಾರ ಮೊದಲೇ ಅಲ್ಲಿನ ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಹಿತ್ತಲ ಕೋಣೆಯಲ್ಲಿ ಬಿಡಾರ ಹೂಡುತ್ತಿದ್ದ.

ಮೊದಲ ವರ್ಷ ಪಂದ್ಯ ಮುಗಿಸಿ ಬಂದವನ ಮುಖ ಊರಗಲ.

"ಗೆದ್ವಿ ಆಂಟಿ!"

"ನಿಂದು ಎಷ್ಟನೇ ಪ್ಲೇಸ್?" ಎಂದರು ಅಮ್ಮ.

"ನೂರಾ ಹನ್ನೆರಡು."

"ಒಟ್ಟು ಎಷ್ಟು ಜನ?"

"ನೂರಾ ಹದಿಮೂರು."

"ಸದ್ಯ! ಹಿಂದೆ ಒಬ್ಬನಾದ್ರೂ ಇದ್ನಲ್ಲ."

"ಅವನ ಟೈರ್ ಪಂಕ್ಚರ್ ಆಗಿತ್ತು, ಆಂಟಿ."

(ಮಾತೆಲ್ಲ ಅಮ್ಮ ಕುವೈತಿನಲ್ಲಿದ್ದಾಗ ಕಲಿತ ಇಂಗ್ಲಿಷಿನಲ್ಲಿ ನಡೆದದ್ದು. ಬೈಗುಳ ಮಾತ್ರ ಅಪ್ಪಟ ಕನ್ನಡ!)

ಗೆದ್ದದ್ದು ಅವನ ತಂಡದ ನಾಯಕ. ಇವನ ಕೆಲಸವೆಂದರೆ ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು, ಬಸುರಿಯಂತೆ ಏದುತ್ತಾ ಹೋಗಿ ತನ್ನವರಿಗೆ ಹಂಚುವುದು. ಈ ಪುಣ್ಯಾತ್ಮ ಎದುರು ತಂಡದವರಿಗೂ ಹಂಚುತ್ತಿದ್ದ. "ಮದುವೆ ಊಟದಲ್ಲಿ ನೀರು ಬಡಿಸೋನೂ ಕೊನೆಗೆ ಎಲೆ ಮುಂದೆ ಕೂತ್ಕೋತಾನೆ ಕಣೋ. ನೀನು ಯಾವಾಗ ಕೂರೋದು?" ಎಂದು ಅಮ್ಮ ರೇಗುತ್ತಿದ್ದರು.

ಒಂದು ಭಾನುವಾರ ಬಾರ್ಬಿಗೆ, ಅಂದರೆ ಹಿತ್ತಲ ಬಾರ್ಬೆಕ್ಯೂ ಊಟಕ್ಕೆ, "ಒಬ್ಬಿಬ್ಬರು ಫ್ರೆಂಡ್ಸ್ ಬರಬಹುದಾ?" ಎಂದು ಕೇಳಿದ. ಬಂದವರು ಇಪ್ಪತ್ತಮೂರು ಮಂದಿ! ರಸ್ತೆಯಲ್ಲಿ ಒಬ್ಬರನ್ನೊಬ್ಬರು ಗುರಾಯಿಸುವ ತಂಡಗಳವರು ಇವನೊಬ್ಬನಿಗಾಗಿ ನಮ್ಮ ಹಿತ್ತಲಲ್ಲಿ ಭುಜ ತಾಗಿಸಿ ಕೂತರು. ದೊಡ್ಡ ದೊಡ್ಡ ಪಂದ್ಯ ಗೆದ್ದವನೊಬ್ಬನಿಗೆ ಅಮ್ಮ ಈರುಳ್ಳಿ ಹೆಚ್ಚಲು ಕೊಟ್ಟರು. ಅವನೂ ಕಣ್ಣೊರೆಸಿಕೊಂಡು ಹೆಚ್ಚಿದ. ನಮ್ಮವನೋ, ಅಲ್ಲಿಯೂ ನೀರು ಬಡಿಸುತ್ತಿದ್ದ. ಅವನ ಪಾಲಿಗೆ ಉಳಿದದ್ದು ಬ್ರೆಡ್ಡು, ಕೋಳಿ ಸಾರಿನ ತಳ.

ಐದನೆಯ ವರ್ಷ "ಇದೇ ನನ್ನ ಕೊನೆ ರೇಸ್" ಎಂದ. ಅಮ್ಮನಿಗೆ ಎರಡು ದಿನ ಊಟ ರುಚಿಸಲಿಲ್ಲ. ಒಂದೇ ಒಂದು ಸಲ ಅವನು ಎಲ್ಲರಿಗಿಂತ ಮುಂದೆ ಬರುವುದನ್ನು ಕಣ್ಣಾರೆ ನೋಡಬೇಕು; ಅವರ ಜಪಮಾಲೆಯ ಬೇಡಿಕೆಯೆಲ್ಲ ಅದೊಂದೇ.

ಪಂದ್ಯದ ದಿನ ಗುಡ್ಡದ ರಸ್ತೆಬದಿಯಲ್ಲಿ ಛತ್ರಿ ಹಿಡಿದು ನಿಂತಿದ್ದೆವು. ತಿರುವಿನಲ್ಲಿ ಒಬ್ಬನೇ ಒಬ್ಬ ಸವಾರ ಕಾಣಿಸಿಕೊಂಡ. ನಮ್ಮವನೇ! ಅಮ್ಮ ಛತ್ರಿ ಎಸೆದು ಕುಣಿದರು. ಅವನು ನೇರ ಬಂದು, ಬ್ರೇಕ್ ಒತ್ತಿ, ಇಳಿದು, ಅಮ್ಮನನ್ನು ಅಪ್ಪಿಕೊಂಡುಬಿಟ್ಟ. ಅಂಗಿಯೊಳಗಿಂದ ಒಂದು ಬಾಟಲಿ ತೆಗೆದು ಅವರ ಕೈಗಿಟ್ಟ.

"ಇಳೀಬೇಡ್ವೋ ಮುಟ್ಠಾಳ! ಹೋಗೋ! ಹಿಂದಿನೋರು ಬಂದ್ಬಿಟ್ರು!" ಎಂದು ಅಮ್ಮ ಅವನ ಬೆನ್ನು ಗುದ್ದಿದರು. ಬಂದವರೆಲ್ಲ ಚಪ್ಪಾಳೆ ತಟ್ಟುತ್ತಾ ದಾಟಿದರು. ಅವನು ಕಣ್ಣೊರೆಸಿಕೊಂಡು ಸೈಕಲ್ ಹತ್ತಿ, ಎಂದಿನಂತೆ ಹಿಂದೆ ಸೇರಿಕೊಂಡ.

"ಫಸ್ಟ್ ಬರ್ತಿದ್ದ ಕಣೇ, ನನ್ನ ನೋಡಿ ನಿಂತ್ಬಿಟ್ಟ" ಎಂದು ಬ್ರಿಸ್ಬೇನಿನ ಅಕ್ಕನಿಗೆ ಅಮ್ಮ ಇವತ್ತಿಗೂ ಫೋನಿನಲ್ಲಿ ಹೇಳುತ್ತಾರೆ. ನಿಜ ಸಂಗತಿಯನ್ನು ಆಮೇಲೆ ನನಗೆ ಹೇಳಿದವನು ಆ ಈರುಳ್ಳಿ ಹೆಚ್ಚಿದವನು. ದಾರಿಯಲ್ಲಿ ಯಾರದಾದರೂ ಮನೆ ಬಂದರೆ, ಅವನು ಎಲ್ಲರಿಗೂ ಬೇಕಾದವನಾಗಿದ್ದರೆ, ಮನೆಯವರನ್ನು ಕಂಡು ಬರಲಿ ಎಂದು ಉಳಿದವರು ನಿಧಾನಿಸಿ ಅವನನ್ನು ಮುಂದೆ ಬಿಡುವುದು ಸೈಕಲಿನವರ ರೂಢಿಯಂತೆ. ಅಮ್ಮನಿಗೆ ನಾನು ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ.

"ಮುಂದಿನ ತಿರುವಿನಲ್ಲಿ ನನ್ನ ಮನೆಯವರಿದ್ದಾರೆ" ಎಂದಿದ್ದನಂತೆ ನಮ್ಮವನು, ಜೊತೆ ಸವಾರರಿಗೆ. ಡೆನ್ಮಾರ್ಕಿನವನ ಮನೆಯವರು ಇಲ್ಲಿ ಹೇಗೆ ಎಂದು ಅಷ್ಟು ಜನರಲ್ಲಿ ಒಬ್ಬನೂ ಕೇಳಲಿಲ್ಲವಂತೆ.